ಹಳೆಯ ಕತ್ತಿಯ ಒರೆಗೆ ಎಣ್ಣೆ ಏಕೆ ಹಚ್ಚಬಾರದು

ಮನೆಯಲ್ಲಿ ತಲೆಮಾರುಗಳಿಂದ ಬಂದ ಕತ್ತಿಯೊಂದಿದ್ದರೆ ನೋಡಲು ಬಂದವರ ಕಣ್ಣು ನೇರ ಅಲಗಿನ ಮೇಲೆ. ಉಕ್ಕು ಎಂಥದ್ದು, ತುಕ್ಕು ಎಷ್ಟಿದೆ, ಹಿಡಿಯ ಮೇಲಿನ ಬೆಳ್ಳಿ ಕೆಲಸ ಉಳಿದಿದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಒರೆಯನ್ನು ಕೇಳುವವರಿಲ್ಲ. ಆದರೆ ಆ ಇಡೀ ವಸ್ತುವಿನಲ್ಲಿ ಮೊದಲು ಹಾಳಾಗುವುದು ಒರೆಯ ಚರ್ಮವೇ. ಉಕ್ಕಿಗೆ ಹಿಡಿದ ತುಕ್ಕನ್ನು ತೆಗೆದರೆ ಕೆಳಗೆ ಇನ್ನೂ ಉಕ್ಕಿರುತ್ತದೆ. ತೆಳ್ಳನೆಯ ಚರ್ಮ ಪುಡಿಯಾಗಿ ಉದುರಿದರೆ ಕೆಳಗೆ ಸಿಗುವುದು ಬರೀ ಮರ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ನೋಡಿದ ಒರೆ, ಪಟ್ಟಿ, ಗುರಾಣಿಗಳಲ್ಲಿ ಅಟ್ಟದ ಮೇಲೆ ಮರೆತುಹೋದವುಗಳಿಗಿಂತ, ವರ್ಷಾ ವರ್ಷ ಪ್ರೀತಿಯಿಂದ ಎಣ್ಣೆ ಹಚ್ಚಿಸಿಕೊಂಡವುಗಳ ಸ್ಥಿತಿಯೇ ಹೆಚ್ಚು ಕೆಟ್ಟಿತ್ತು. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಶೂ ಪಾಲಿಶ್, ಕುದುರೆಯ ಜೀನಿಗೆ ಹಚ್ಚುವ ಸೋಪು, ಈಚೆಗೆ ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಲೆದರ್ ಕಂಡೀಷನರ್ ಇವೆಲ್ಲ ದಿನಬಳಕೆಯ ಚಪ್ಪಲಿಗೋ ಜೀನಿಗೋ ಸರಿ. ನೂರು ವರ್ಷ ದಾಟಿದ ಚರ್ಮಕ್ಕೆ ಏಕೆ ಸರಿಯಲ್ಲ ಎಂಬುದು ತಿಳಿಯಬೇಕಾದರೆ ಚರ್ಮ ಎಂದರೇನು ಎಂಬಲ್ಲಿಂದ ಶುರುಮಾಡಬೇಕು.

ಹಸಿ ತೊಗಲಿನಲ್ಲಿ ಮುಖ್ಯವಾಗಿ ಇರುವುದು ಕೊಲಾಜೆನ್ ಎಂಬ ಪ್ರೋಟೀನಿನ ನಾರು. ಅದರ ಅಣುವಿನಲ್ಲಿ ಮೂರು ಎಳೆಗಳು ಒಂದಕ್ಕೊಂದು ಹೊಸೆದುಕೊಂಡಿರುತ್ತವೆ. ಅಂಥ ಅಣುಗಳು ಸೇರಿ ನಾರು, ನಾರುಗಳು ಹೆಣೆದುಕೊಂಡು ತೊಗಲು. ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಸೆಟೆದುಕೊಳ್ಳುತ್ತದೆ. ಹದ ಮಾಡುವುದೆಂದರೆ ಆ ನಾರುಗಳ ಸಂದಿಯಲ್ಲಿ ಟ್ಯಾನಿನ್ ಎಂಬ ಒಗರು ವಸ್ತುವನ್ನು ಕೂರಿಸಿ, ಕೊಳೆಯದಂತೆ ಕಟ್ಟಿಹಾಕುವುದು. ದಕ್ಷಿಣ ಭಾರತದಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬಳಸುತ್ತಿದ್ದುದು ತಂಗಡಿ, ಅಂದರೆ ಆವರಿಕೆ ಗಿಡದ ತೊಗಟೆ, ಕರಿಜಾಲಿಯ ತೊಗಟೆ ಮತ್ತು ಅಳಲೆಕಾಯಿ. ಹದವಾದ ಮೇಲೆ ಎಣ್ಣೆಯನ್ನೋ ಕೊಬ್ಬನ್ನೋ ತಿಕ್ಕಿ ಒಳಗಿಳಿಸುತ್ತಿದ್ದರು, ನಾರುಗಳು ಒಂದರ ಮೇಲೊಂದು ಜಾರಲಿ, ಚರ್ಮ ಬಾಗಲಿ ಎಂದು. ಇದರ ಜೊತೆಗೆ ನೀರೂ ಇದೆ. ಮುಟ್ಟಿದರೆ ಒಣಗಿದ್ದಂತೆ ಕಾಣುವ ಚರ್ಮದಲ್ಲೂ ಸಾಧಾರಣ ಹವೆಯಲ್ಲಿ ತೂಕದ ಸುಮಾರು ಶೇ. 12ರಿಂದ 15ರಷ್ಟು ನೀರಿರುತ್ತದೆ. ಚರ್ಮ ಮೆತ್ತಗಿರುವುದರಲ್ಲಿ ಎಣ್ಣೆಗಿಂತ ಈ ನೀರಿನ ಪಾಲೇನೂ ಕಡಿಮೆಯಲ್ಲ.

ಹಳೆಯ ಚರ್ಮ ಗಟ್ಟಿಯಾಗಿ ಬಿರುಕು ಬಿಟ್ಟಿದೆ ಎಂದರೆ ಇವುಗಳಲ್ಲಿ ಯಾವುದೋ ಒಂದು ಕೆಟ್ಟಿರುತ್ತದೆ. ನೀರು ಹೋಗಿರಬಹುದು, ಹಳೆಯ ಕೊಬ್ಬು ಗಟ್ಟಿಯಾಗಿರಬಹುದು, ಅಥವಾ ನಾರೇ ತುಂಡುತುಂಡಾಗಿರಬಹುದು. ಮೊದಲಿನದಕ್ಕೆ ಹವೆಯ ತೇವ ಸರಿಮಾಡಿದರೆ ಸಾಕು. ಮೂರನೆಯದಕ್ಕೆ ಲೋಕದಲ್ಲಿ ಔಷಧವಿಲ್ಲ. ತುಂಡಾದ ಕೊಲಾಜೆನ್ ನಾರನ್ನು ಮತ್ತೆ ಕೂಡಿಸುವ ಎಣ್ಣೆಯನ್ನು ಯಾರೂ ಕಂಡುಹಿಡಿದಿಲ್ಲ, ಡಬ್ಬಿಯ ಮೇಲೆ ಏನೇ ಬರೆದಿರಲಿ. ‘ಚರ್ಮಕ್ಕೆ ಪೋಷಣೆ’ ಎಂಬ ಮಾತೇ ನನಗೆ ಹಿಡಿಸುವುದಿಲ್ಲ. ಪೋಷಿಸಲು ಅದು ಬದುಕಿಲ್ಲ.

ಎಣ್ಣೆ ಹಚ್ಚಿದ ದಿನ ಒರೆ ಚೆನ್ನಾಗಿಯೇ ಕಾಣುತ್ತದೆ. ಬಣ್ಣ ಗಾಢವಾಗುತ್ತದೆ, ಹೊಳಪು ಬರುತ್ತದೆ, ಬಿರುಕು ಮರೆಯಾಗುತ್ತದೆ. ಒಂದೆರಡು ಮಳೆಗಾಲ ಕಳೆಯಲಿ. ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಅಂಟಂಟಾಗುತ್ತದೆ, ಧೂಳನ್ನು ಹಿಡಿದುಕೊಳ್ಳುತ್ತದೆ, ಬರಬರುತ್ತ ಕಪ್ಪು ಸಿಪ್ಪೆಯಾಗಿ ಒಣಗುತ್ತದೆ. ಹೊಲಿಗೆಯ ದಾರ ಎಣ್ಣೆ ಕುಡಿದು ಕೊಳೆಯುತ್ತದೆ. ಒಳಗಿನ ಮರದ ಪಟ್ಟಿಗೂ ಇಳಿದು ಅಂಟು ಬಿಡಿಸುತ್ತದೆ. ಚರ್ಮ ಸಡಿಲಗೊಂಡು ಹಿಗ್ಗಿ, ಮೇಲೆ ಒತ್ತಿದ ಹೂಬಳ್ಳಿಯ ಕೆತ್ತನೆ ಮಸುಕಾಗುತ್ತದೆ. ಇಷ್ಟಾದ ಮೇಲೆ ಅದನ್ನು ಹೊರತೆಗೆಯೋಣವೆಂದರೆ ದ್ರಾವಕ ಹಾಕಬೇಕು. ದ್ರಾವಕ ಹಾಕಿದರೆ ಚರ್ಮದ ಬಣ್ಣವೂ ಕಿತ್ತುಬರುತ್ತದೆ.

ಈ ಪಾಠ ಕಲಿಯಲು ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳಿಗೂ ಸಮಯ ಹಿಡಿಯಿತು. ಕಳೆದ ಶತಮಾನದ ಬಹುಪಾಲು ಕಾಲ ಹಳೆಯ ಚರ್ಮಕ್ಕೆ ‘ಬ್ರಿಟಿಷ್ ಮ್ಯೂಸಿಯಂ ಲೆದರ್ ಡ್ರೆಸಿಂಗ್’ ಎಂಬ ಲೇಪವನ್ನು ತಿಕ್ಕುವುದೇ ವಾಡಿಕೆಯಾಗಿತ್ತು. ಕುರಿ ಉಣ್ಣೆಯಿಂದ ಬರುವ ಲ್ಯಾನೊಲಿನ್, ಸೀಡರ್ ಮರದ ಎಣ್ಣೆ, ಜೇನುಮೇಣ ಇವನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ಕರಗಿಸಿದ ಲೇಪ ಅದು. ಶತಮಾನದ ಕೊನೆಯ ದಶಕಗಳ ಹೊತ್ತಿಗೆ ಸಂರಕ್ಷಕರು ಆ ವಾಡಿಕೆಯನ್ನು ಕೈಬಿಟ್ಟರು. ಲೇಪದಿಂದ ಚರ್ಮದ ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ. ಜಿಡ್ಡು, ಕಪ್ಪು ಬಣ್ಣ, ಧೂಳು ಮಾತ್ರ ಕಂಡವು. ಈಗ ಬಾಗಬೇಕಾದ ಅಗತ್ಯವೇ ಇಲ್ಲದ, ಗಾಜಿನ ಹಿಂದೆ ಸುಮ್ಮನೆ ಮಲಗಿರುವ ಒರೆಗೆ ಎಣ್ಣೆಯ ಕೆಲಸವಾದರೂ ಏನು?

ಬೆರಳಿಗೆ ಮೆತ್ತುವ ಕೆಂಪು ಪುಡಿ

ಹಳೆಯ ಒರೆಯನ್ನು ಬಿಳಿ ಬಟ್ಟೆಯ ಮೇಲಿಟ್ಟು ಎತ್ತಿದಾಗ ಬಟ್ಟೆಯ ಮೇಲೆ ಕಾವಿ ಬಣ್ಣದ ನುಣ್ಣನೆಯ ಪುಡಿ ಉಳಿದಿದ್ದರೆ ಅಲ್ಲಿಗೇ ನಿಲ್ಲಿ. ಅದು ತುಕ್ಕಲ್ಲ, ಮಣ್ಣಲ್ಲ, ಚರ್ಮವೇ. ಇಂಗ್ಲಿಷಿನವರು ರೆಡ್ ರಾಟ್ ಎನ್ನುವ ಈ ರೋಗದಲ್ಲಿ ಚರ್ಮದೊಳಗೆ ಸಲ್ಫ್ಯೂರಿಕ್ ಆಮ್ಲ ಸೇರಿಕೊಂಡು ನಾರುಗಳನ್ನು ಕತ್ತರಿಸುತ್ತ ಹೋಗುತ್ತದೆ. ಕಲ್ಲಿದ್ದಲು, ಗ್ಯಾಸ್ ದೀಪ, ಈಗಿನ ವಾಹನಗಳು ಉಗುಳುವ ಗಂಧಕದ ಹೊಗೆಯನ್ನು ಚರ್ಮ ಹೀರಿಕೊಳ್ಳುತ್ತದೆ, ಒಳಗಿನ ತೇವದಲ್ಲಿ ಅದು ಆಮ್ಲವಾಗುತ್ತದೆ. ಆಮ್ಲತೆಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಮೂರಕ್ಕಿಂತ ಕೆಳಗಿಳಿಯಿತೆಂದರೆ ಚರ್ಮ ಉಳಿಯುವುದು ಕಷ್ಟ. ಲಂಡನ್ನಿನ ಅಥೀನಿಯಂ ಕ್ಲಬ್ಬಿನ ಪುಸ್ತಕಗಳ ಚರ್ಮದ ರಟ್ಟು ಪುಡಿಯಾಗುತ್ತಿದ್ದುದನ್ನು 1843ರಲ್ಲಿ ಪರಿಶೀಲಿಸಿದ ವಿಜ್ಞಾನಿ ಮೈಕೆಲ್ ಫ್ಯಾರಡೆ, ಗ್ಯಾಸ್ ದೀಪದ ಗಂಧಕವೇ ಕಾರಣವೆಂದು ಬೆರಳು ತೋರಿಸಿದ್ದ.

ಇಲ್ಲಿ ನಮ್ಮ ಸೀಮೆಯ ಸಂಬಂಧವೊಂದಿದೆ, ಸ್ವಲ್ಪ ಕಹಿಯಾದದ್ದು. ಟ್ಯಾನಿನ್‌ಗಳಲ್ಲಿ ಎರಡು ಜಾತಿ. ಅಳಲೆಕಾಯಿಯದು ಒಂದು, ತಂಗಡಿ ತೊಗಟೆಯದು ಇನ್ನೊಂದು. ಅಳಲೆಕಾಯಿಯ ಜಾತಿ ಆಮ್ಲದ ಹೊಡೆತವನ್ನು ಸುಮಾರಾಗಿ ತಡೆದುಕೊಳ್ಳುತ್ತದೆ. ತಂಗಡಿಯ ಜಾತಿ ಬೇಗ ಸೋಲುತ್ತದೆ, ಬೆಳಕಿಗೆ ಕೆಂಪಗಾಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಮದ್ರಾಸಿನಿಂದ ಹಡಗು ಹಡಗು ಹದ ಮಾಡಿದ ಆಡು, ಕುರಿ ಚರ್ಮ ಇಂಗ್ಲೆಂಡಿಗೆ ಹೋಗುತ್ತಿತ್ತು. ಪುಸ್ತಕದ ರಟ್ಟುಗಳು ಏಕೆ ಹಾಳಾಗುತ್ತಿವೆ ಎಂದು ವಿಚಾರಿಸಲು ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ನೇಮಿಸಿದ ಸಮಿತಿ 1905ರಲ್ಲಿ ವರದಿ ಹೊರತಂದಾಗ ತೀರಾ ಬೇಗ ಕೆಡುವ ಚರ್ಮಗಳ ಸಾಲಿನಲ್ಲಿ ನಮ್ಮ ತಂಗಡಿ ತೊಗಟೆಯ ಚರ್ಮವೂ ಇತ್ತು. ನಮ್ಮ ಹದಗಾರರಿಗೆ ಇದು ಗೊತ್ತಿಲ್ಲದ್ದೇನಲ್ಲ. ತಂಗಡಿಯಲ್ಲಿ ಹದ ಮಾಡಿದ ಮೇಲೆ ಅಳಲೆಕಾಯಿ ನೀರಿನಲ್ಲಿ ಇನ್ನೊಮ್ಮೆ ಅದ್ದುವ ಕ್ರಮ ಅವರದು. ಬಣ್ಣ ಕೆಂಪಗಾಗದಿರಲಿ ಎಂದು. ಯಾವ ಒರೆಗೆ ಆ ಎರಡನೇ ಸ್ನಾನ ಸರಿಯಾಗಿ ಸಿಕ್ಕಿತ್ತು, ಯಾವುದಕ್ಕೆ ಸಿಕ್ಕಿರಲಿಲ್ಲ ಎಂಬುದು ಈಗ ನೂರೈವತ್ತು ವರ್ಷದ ನಂತರ ಬಯಲಾಗುತ್ತಿದೆ.

ಕೆಂಪು ಪುಡಿ ಬಿಡುತ್ತಿರುವ ಚರ್ಮಕ್ಕೆ ನೀರು ತಾಗಿಸಲೇಬಾರದು. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೂ ಒರೆಸಿದಷ್ಟು ಜಾಗ ಕರ್ರಗಾಗಿ, ಒಣಗಿದ ಮೇಲೆ ಕರಟಿದಂತೆ ಗಟ್ಟಿಯಾಗುತ್ತದೆ. ಮತ್ತೆ ಮೊದಲಿನಂತಾಗುವುದಿಲ್ಲ. ಸಂರಕ್ಷಕರು ಇದಕ್ಕೆ ಮಾಡುವುದು ಇಷ್ಟೇ: ಸೆಲ್ಯುಲೋಸಿನಿಂದ ತಯಾರಿಸಿದ ಕ್ಲೂಸೆಲ್-ಜಿ ಎಂಬ ಪುಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಶೇ. 1–2ರಷ್ಟು ತೆಳ್ಳಗೆ ಕರಗಿಸಿ, ಮೃದುವಾದ ಕುಂಚದಲ್ಲಿ ತಾಗಿಸಿಯೂ ತಾಗಿಸದ ಹಾಗೆ ಹಚ್ಚುತ್ತಾರೆ. ಆಲ್ಕೋಹಾಲು ಹಾರಿಹೋಗುತ್ತದೆ, ಸೆಲ್ಯುಲೋಸು ಪುಡಿಯನ್ನು ಹಿಡಿದು ನಿಲ್ಲಿಸುತ್ತದೆ. ಇದರಿಂದ ರೋಗ ವಾಸಿಯಾಗುವುದಿಲ್ಲ. ಮುಟ್ಟಿದರೆ ಉದುರುವುದು ನಿಲ್ಲುತ್ತದೆ, ಅಷ್ಟೇ. ಎಲ್ಲ ಚರ್ಮಕ್ಕೂ ಇದು ಒಗ್ಗುವುದೂ ಇಲ್ಲ; ಅದಕ್ಕೆ ಗುರಾಣಿಯ ಮಾತು ಬಂದಾಗ ಮತ್ತೆ ಬರುತ್ತೇನೆ.

ಹಿತ್ತಾಳೆ ಮತ್ತು ಕಬ್ಬಿಣದ ಪಕ್ಕದಲ್ಲಿ

ಮೇಜಿನ ಮೇಲಿಟ್ಟ ಚರ್ಮದ ಚೀಲವನ್ನು ಕಾಪಾಡುವುದಕ್ಕಿಂತ ಆಯುಧದ ಮೇಲಿನ ಚರ್ಮವನ್ನು ಕಾಪಾಡುವುದು ಕಷ್ಟ. ಕಾರಣ ಅದರ ನೆರೆಹೊರೆ. ತಲವಾರಿನ ಒರೆ ಎಂದರೆ ಹಗುರವಾದ ಮರದ ಎರಡು ಪಟ್ಟಿ, ಅದಕ್ಕೆ ಸುತ್ತಿದ ಚರ್ಮ ಅಥವಾ ಮಖಮಲ್ಲು, ತುದಿಗೆ ಲೋಹದ ಟೊಪ್ಪಿ, ಕೆಲವಕ್ಕೆ ಬಾಯಿಗೂ ಲೋಹದ ಕಟ್ಟು. ಬ್ರಿಟಿಷರ ಕಾಲದ ಕತ್ತಿಯಾದರೆ ಹಿತ್ತಾಳೆಯ ಬಳೆ, ತೂಗುಹಾಕುವ ಉಂಗುರಗಳು ಬೇರೆ. ಒಳಗೆ ಉಕ್ಕು. ಇವೆಲ್ಲಕ್ಕೂ ಒಂದೊಂದು ಸ್ವಭಾವ, ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ವಿಷ. ಕೂಡುಕುಟುಂಬದ ಅಡುಗೆಯ ಹಾಗೆ, ಒಬ್ಬರ ಪಥ್ಯ ನೋಡಿ ಬೇಯಿಸಲು ಆಗುವುದಿಲ್ಲ.

ಒರೆಯ ಬಾಯಿಯ ಹತ್ತಿರ ಹಿತ್ತಾಳೆ ಕಟ್ಟು ಚರ್ಮವನ್ನು ಸಂಧಿಸುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ. ಎಣ್ಣೆ ಕಂಡ ಒರೆಯಾದರೆ ಅಲ್ಲಿ ಹಸಿರು ಮೇಣದಂಥದ್ದು ಉಕ್ಕಿ ನಿಂತಿರುತ್ತದೆ, ಉಗುರು ತಾಗಿಸಿದರೆ ಮೆತ್ತಗೆ. ಇದು ಕಿಲುಬು, ಆದರೆ ಹುಣಸೆಹಣ್ಣಿಟ್ಟ ತಾಮ್ರದ ಪಾತ್ರೆಯಲ್ಲಿ ಕಾಣುವ ಕಿಲುಬಿನ ಜಾತಿಯದಲ್ಲ. ಎಣ್ಣೆಯ ಕೊಬ್ಬಿನಾಮ್ಲ ಹಿತ್ತಾಳೆಯ ತಾಮ್ರವನ್ನು ತಿಂದು ಆದ ತಾಮ್ರದ ಸಾಬೂನು ಅದು. ಎಷ್ಟು ಎಣ್ಣೆ ಹಾಕುತ್ತೀರೋ ಅಷ್ಟು ಬೆಳೆಯುತ್ತದೆ, ಬೆಳೆಯುತ್ತ ಹೊಲಿಗೆಯನ್ನು ಸೀಳುತ್ತದೆ. ತೆಗೆಯಲು ಬಿದಿರಿನ ಕಡ್ಡಿಯೋ ಮರದ ಹಲ್ಲುಕಡ್ಡಿಯೋ ಸಾಕು. ತುದಿಯನ್ನು ಚಪ್ಪಟೆ ಮಾಡಿಕೊಂಡು ಮೆಲ್ಲಗೆ ಮೀಟಿ, ಬಂದದ್ದನ್ನು ಹತ್ತಿಗೆ ಒರೆಸಿಕೊಳ್ಳಿ. ಲೋಹದ ಸೂಜಿ ಬೇಡ. ಬ್ರಾಸೊದಂಥ ಹಿತ್ತಾಳೆ ಪಾಲಿಶಂತೂ ಬೇಡವೇ ಬೇಡ: ಅದರ ಅಮೋನಿಯಾ ಚರ್ಮಕ್ಕೆ ಕಲೆ ಬೀಳಿಸುತ್ತದೆ, ಬಿಳಿ ಪುಡಿ ಹೊಲಿಗೆಯ ತೂತಿನಲ್ಲಿ ಕೂತರೆ ಬರುವುದಿಲ್ಲ. ಹಿತ್ತಾಳೆ ಸ್ವಲ್ಪ ಮಂಕಾಗಿಯೇ ಇರಲಿ ಬಿಡಿ.

ಕಬ್ಬಿಣದ ಕತೆ ಬೇರೆ. ಹಿಂದೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಹಾಕಿ ಬರೆಯುವ ಮಸಿ ಮಾಡುತ್ತಿದ್ದರು. ಟ್ಯಾನಿನ್ ಮತ್ತು ಕಬ್ಬಿಣ ಕೂಡಿದರೆ ಕಪ್ಪು. ಅದೇ ರಸಾಯನ ಒರೆಯ ಮೇಲೂ ನಡೆಯುತ್ತದೆ. ಕಬ್ಬಿಣದ ಮೊಳೆ, ಕೊಂಡಿ ಇದ್ದ ಕಡೆ ಚರ್ಮ ಮಸಿ ಚೆಲ್ಲಿದಂತೆ ಕಪ್ಪಾಗಿ, ಮುಟ್ಟಿದರೆ ಮುರಿಯುತ್ತದೆ. ಒಳಗೆ ಅಲಗಿಗೂ ಇದೇ ಗತಿ, ಚರ್ಮದ ಆಮ್ಲ ಮತ್ತು ಮರ ಹಿಡಿದುಕೊಂಡ ತೇವ ಸೇರಿ ಉಕ್ಕನ್ನು ಕುಳಿ ಕುಳಿಯಾಗಿ ತಿನ್ನುತ್ತವೆ. ಕತ್ತಿಯನ್ನು ಒರೆಯಲ್ಲಿ ಇಡುವುದು ಯುದ್ಧಕ್ಕೆ ಹೊರಟವರ ಕ್ರಮ. ಮನೆಯಲ್ಲಿ ಕಾಪಾಡುವವರು ಅಲಗನ್ನು ಹೊರತೆಗೆದು ಎರಡನ್ನೂ ಪಕ್ಕಪಕ್ಕದಲ್ಲಿ ಬೇರೆಬೇರೆಯಾಗಿ ಇಡಬೇಕು. ಇಡೀ ಲೇಖನದಲ್ಲಿ ಒಂದೇ ಸಲಹೆ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಲಿ, ಖರ್ಚೂ ಇಲ್ಲ.

ಹೊರತೆಗೆಯುವಾಗ ಒಂದು ಎಚ್ಚರಿಕೆ. ಒರೆಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿಯಬೇಡಿ. ಹಳೆಯ ಒರೆಯ ಅಂಟು, ಹೊಲಿಗೆ ಅಲಗಿನ ಬಾಯಿಯ ಕಡೆ ಬಿಟ್ಟಿರುತ್ತದೆ. ಎಳೆಯುವ ರಭಸಕ್ಕೆ ಅಲಗು ಒರೆಯನ್ನು ಸೀಳಿಕೊಂಡು ಬೆರಳಿಗೆ ಬರುತ್ತದೆ. ಒರೆಯ ಎರಡು ಚಪ್ಪಟೆ ಮುಖಗಳನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಹಿಡಿದು, ಅಲಗಿನ ಬೆನ್ನು ಒರೆಯ ಬೆನ್ನಿಗೆ ಒರಗಿ ಜಾರುವಂತೆ ನಿಧಾನಕ್ಕೆ ತೆಗೆಯಬೇಕು. ಬಾರದಿದ್ದರೆ ಬಿಡಿ. ತುಕ್ಕು ಹಿಡಿದು ಕಚ್ಚಿಕೊಂಡ ಕತ್ತಿಯನ್ನು ಎಳೆದು ಗೆದ್ದವರು ಒರೆಯನ್ನು ಕಳೆದುಕೊಂಡಿರುತ್ತಾರೆ.

ಶುಚಿ ಮಾಡುವುದು ಹೇಗೆ

ಒಣಗಿದ ರೀತಿಯಲ್ಲಿ. ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆದುಕೊಳ್ಳಿ, ಬಿರುಕು, ಹೊಲಿಗೆ, ಕಲೆ ಕಾಣುವ ಹಾಗೆ. ಮುಂದಿನ ವರ್ಷ ಕೆಟ್ಟಿದೆಯೋ ಇಲ್ಲವೋ ತಿಳಿಯಲು ಬೇರೆ ದಾರಿ ಇಲ್ಲ. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಇದು ಚರ್ಮಕ್ಕಾಗಿ ಮಾತ್ರವಲ್ಲ, ನಿಮಗಾಗಿಯೂ. ಹಿಂದೆ ಹುಳು ಬಾರದಿರಲೆಂದು ಚರ್ಮದ ವಸ್ತುಗಳಿಗೆ ಪಾಷಾಣ, ಪಾದರಸದ ಲವಣ, ಆಮೇಲೆ ಡಿಡಿಟಿ ಎಲ್ಲವನ್ನೂ ಹಾಕುತ್ತಿದ್ದರು. ಹಾಕಿದವರು ಹೋದರು, ಹಾಕಿದ್ದು ಅಲ್ಲೇ ಇದೆ.

ಆಮೇಲೆ ಮೃದುವಾದ ಅಗಲ ಕುಂಚ, ಬಣ್ಣ ಬಳಿಯುವ ಮೇಕೆ ಕೂದಲಿನದಾದರೂ ಆದೀತು. ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಕಡಿಮೆ ವೇಗಕ್ಕಿಟ್ಟ ವ್ಯಾಕ್ಯೂಮ್ ಕ್ಲೀನರಿನ ಕೊಳವೆ. ಕೊಳವೆಯ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿರಬೇಕು, ಚರ್ಮದ ಚೂರು ಒಳಗೆ ಹೋಗದಿರಲಿ ಎಂದು. ಕೊಳವೆಯನ್ನು ಚರ್ಮಕ್ಕೆ ತಾಗಿಸದೆ, ಕುಂಚ ಎಬ್ಬಿಸಿದ ಧೂಳನ್ನಷ್ಟೇ ಹಿಡಿಯಬೇಕು. ಗಟ್ಟಿಯಾಗಿರುವ, ಪುಡಿ ಬಿಡದ ಚರ್ಮವಾದರೆ ಹೊಗೆ ಮಸಿ ತೆಗೆಯುವ ಒಣ ರಬ್ಬರ್ ಸ್ಪಂಜನ್ನು ಒತ್ತಿ ಎತ್ತಬಹುದು. ಉಜ್ಜಬಾರದು. ಇಷ್ಟರಲ್ಲೇ ಆಶ್ಚರ್ಯಪಡುವಷ್ಟು ಕೊಳೆ ಬರುತ್ತದೆ. ಬಾರದೆ ಉಳಿದದ್ದು ಉಳಿಯಲಿ. ಕೈ ಹಿಡಿದ ಜಾಗದಲ್ಲಿ ಚರ್ಮ ನುಣುಪಾಗಿ ಕಪ್ಪಾಗಿದ್ದರೆ ಅದು ಕೊಳೆಯಲ್ಲ, ಆ ಕತ್ತಿಯನ್ನು ಹೊತ್ತು ತಿರುಗಿದವರ ಗುರುತು.

ಕೋವಿಯ ಜೊತೆಗೆ ಬಂದ ಮದ್ದಿನ ಕೊಂಬು, ತೋಟಾ ಚೀಲಗಳನ್ನು ಶುಚಿ ಮಾಡುವವರು ಮೊದಲು ಒಳಗೇನಿದೆ ನೋಡಬೇಕು. ಕರಿಮದ್ದು ಒಣಗಿದ್ದರೆ ನೂರು ವರ್ಷವಾದರೂ ಉರಿಯುತ್ತದೆ. ಅದರ ಹತ್ತಿರ ವ್ಯಾಕ್ಯೂಮ್ ಕ್ಲೀನರ್ ತರಬೇಡಿ. ಹಳೆಯ ಕೋವಿಯ ನಳಿಗೆಯಲ್ಲೂ ಮದ್ದು ಜಡಿದೇ ಇರುವುದುಂಟು. ಬಲ್ಲವರಿಗೆ ತೋರಿಸದೆ ಮುಂದುವರಿಯುವುದು ಸಲ್ಲ.

ಚರ್ಮದ ಮೇಲೆ ಬಿಳಿ ಪುಡಿ ಕಂಡರೆ ಎಲ್ಲರೂ ಬೂಷ್ಟು ಎಂದೇ ಭಾವಿಸುತ್ತಾರೆ. ಎರಡು ಸಾಧ್ಯತೆಗಳಿವೆ. ಒಂದು ಬೂಷ್ಟು: ಅಲ್ಲಲ್ಲಿ ಗುಂಡಗೆ, ಭೂತಗನ್ನಡಿಯಲ್ಲಿ ನೋಡಿದರೆ ನೂಲು ನೂಲಾಗಿ, ಮೂಗಿಗೆ ಹಳಸಲು ವಾಸನೆ. ಇನ್ನೊಂದು, ಹಿಂದೆ ಹಚ್ಚಿದ ಎಣ್ಣೆಯ ಕೊಬ್ಬಿನಾಮ್ಲ ಚಳಿಗೆ ಹೊರಬಂದು ಹರಳುಗಟ್ಟಿದ್ದು: ಇಡೀ ಮೇಲ್ಮೈಯಲ್ಲಿ ತೆಳ್ಳಗೆ, ಮುಖ್ಯವಾಗಿ ಮಡಿಕೆಗಳಲ್ಲಿ, ವಾಸನೆಯಿಲ್ಲ. ಚಿಟಿಕೆಯಷ್ಟನ್ನು ಕಡ್ಡಿಯಲ್ಲಿ ತೆಗೆದು ಚಮಚದ ಮೇಲಿಟ್ಟು ಬೆಚ್ಚಗೆ ಮಾಡಿ. ಕರಗಿದರೆ ಕೊಬ್ಬು, ಹಾಗೇ ಉಳಿದರೆ ಬೂಷ್ಟು. ಕೊಬ್ಬನ್ನು ಕುಂಚದಲ್ಲಿ ತೆಗೆದರಾಯಿತು. ಬೂಷ್ಟಾದರೆ ವಸ್ತುವನ್ನು ಮೊದಲು ಗಾಳಿಯಾಡುವ ನೆರಳಿನಲ್ಲಿ ಪೂರ್ತಿ ಒಣಗಿಸಿ, ಬೂಷ್ಟು ಸತ್ತು ಪುಡಿಯಾದ ಮೇಲೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಕುಂಚದಿಂದ ಕೊಡವಬೇಕು. ಹಸಿಯಿರುವಾಗ ಒರೆಸಿದರೆ ಅದು ಚರ್ಮದ ರಂಧ್ರಗಳಿಗೆ ಇಳಿಯುತ್ತದೆ.

ನೆರಳು ಎಂದು ಒತ್ತಿ ಹೇಳಲು ಕಾರಣವಿದೆ. ಮಳೆಗಾಲ ಮುಗಿದೊಡನೆ ಎಲ್ಲವನ್ನೂ ಅಂಗಳದ ಬಿಸಿಲಿಗೆ ಹರಡುವುದು ಮಲೆನಾಡಿನವರ ಹಳೆಯ ರೂಢಿ. ಚರ್ಮದ ಮಟ್ಟಿಗೆ ಅದು ಅಪಾಯ. ನೀರಿನಲ್ಲಿ ನೆನೆದ ಹಸಿ ತೊಗಲು ಸುಮಾರು 60–65 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮುದುಡಿಕೊಳ್ಳುತ್ತದೆ. ಹೊಸೆದ ಎಳೆಗಳು ಬಿಚ್ಚಿಕೊಂಡು ಮತ್ತೆ ಸರಿಹೋಗದಂತೆ ಕುಗ್ಗುತ್ತದೆ. ತೊಗಟೆಯಲ್ಲಿ ಹದ ಮಾಡಿದ ಹೊಸ ಚರ್ಮ ಇನ್ನೂ ಹತ್ತು ಹದಿನೈದು ಡಿಗ್ರಿ ಹೆಚ್ಚು ತಡೆಯುತ್ತದೆ. ಹಳತಾಗಿ ನಾರು ಕೆಟ್ಟ ಚರ್ಮವಾದರೆ ಒದ್ದೆಯಿರುವಾಗ 40 ಡಿಗ್ರಿಗೇ, ಕೆಲವೊಮ್ಮೆ ಅದಕ್ಕೂ ಕೆಳಗೇ ಕುಗ್ಗಿಬಿಡಬಹುದು. ಏಪ್ರಿಲ್ ಬಿಸಿಲಿನಲ್ಲಿಟ್ಟ ಕಪ್ಪು ಒರೆಯ ಮೈ ಎಷ್ಟು ಕಾಯುತ್ತದೆ ಎಂಬುದು ಕೈಯಿಟ್ಟರೆ ತಿಳಿಯುತ್ತದೆ. ಕುಗ್ಗಿದ ಚರ್ಮ ಮರವನ್ನು ಬಾಗಿಸುತ್ತದೆ, ಹೊಲಿಗೆ ಹರಿಯುತ್ತದೆ. ತಲವಾರಿನ ಹಿಡಿಯನ್ನು ಅಲಗಿನ ಬಾಲಕ್ಕೆ ಕೂರಿಸುವುದೂ ಅರಗಿನಿಂದಲೇ ಆದ್ದರಿಂದ, ಹೆಚ್ಚು ಕಾದರೆ ಹಿಡಿಯೂ ಅಲುಗಾಡತೊಡಗುತ್ತದೆ.

ಎಲ್ಲ ಚರ್ಮವೂ ಒಂದೇ ಅಲ್ಲ

ಇದುವರೆಗೆ ಹೇಳಿದ್ದು ತೊಗಟೆ, ಕಾಯಿಗಳಲ್ಲಿ ಹದ ಮಾಡಿದ ಚರ್ಮದ ಮಾತು. ಗುರಾಣಿಯ ಲೆಕ್ಕ ಬೇರೆ. ನಮ್ಮ ದೇಶದ ದುಂಡು ಗುರಾಣಿಗಳಲ್ಲಿ ಬಹಳಷ್ಟು ಎಮ್ಮೆ, ಕೋಣದ ಹದವಿಲ್ಲದ ಹಸಿ ತೊಗಲನ್ನು ಅಚ್ಚಿನ ಮೇಲೆ ಎಳೆದು ಒಣಗಿಸಿದವು. ಮೇಲೆ ಕಪ್ಪು ಅರಗಿನ ಲೇಪ, ನಾಲ್ಕು ಲೋಹದ ಗುಬುಟು, ಒಳಗೆ ಕೈಹಿಡಿಯ ಎರಡು ಪಟ್ಟಿ, ಮುಷ್ಟಿಗೆ ಪೆಟ್ಟು ತಾಗದಂತೆ ಪುಟ್ಟ ದಿಂಬು. ಖಡ್ಗಮೃಗದ ತೊಗಲಿನದಾದರೆ ಬೆಳಕಿಗೆ ಹಿಡಿದಾಗ ಜೇನು ಬಣ್ಣಕ್ಕೆ ಅರೆಪಾರದರ್ಶಕವಾಗಿ ಕಾಣುತ್ತದೆ. (ಅಂಥದ್ದು ಮನೆಯಲ್ಲಿದ್ದರೆ ಮಾರುವ ಯೋಚನೆ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.)

ಹಸಿ ತೊಗಲಿಗೂ ಅಂಟಿಗೂ ಅಂತರ ಬಹಳವಿಲ್ಲ. ತೊಗಲನ್ನು ಬೇಯಿಸಿಯೇ ಮರಗೆಲಸದ ವಜ್ರದ ಅಂಟನ್ನು ಮಾಡುವುದು. ಆದ್ದರಿಂದ ಗುರಾಣಿಗೆ ನೀರು ತಾಗಿದರೆ ಅದು ಉಬ್ಬಿ, ಒಣಗುವಾಗ ಸೊಟ್ಟಗಾಗಿ, ಮೇಲಿನ ಅರಗು ಚಿಪ್ಪು ಚಿಪ್ಪಾಗಿ ಏಳುತ್ತದೆ. ನೀರು ಬೇಡ, ಸರಿ, ಮೇಲೆ ಹೇಳಿದ ಆಲ್ಕೋಹಾಲಿನ ಕ್ಲೂಸೆಲ್ ಹಚ್ಚೋಣವೆಂದರೆ ಅರಗು ಕರಗುವುದೇ ಆಲ್ಕೋಹಾಲಿನಲ್ಲಿ. ಒರೆಯನ್ನು ಉಳಿಸಿದ ಮದ್ದು ಗುರಾಣಿಯ ಚಿತ್ತಾರವನ್ನು ಅಳಿಸಿಬಿಡುತ್ತದೆ. ಯಾವುದೇ ಒಂದು ‘ರೆಸಿಪಿ’ಯನ್ನು ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅರಗಿನ ಗುರಾಣಿಗೆ ಮನೆಯಲ್ಲಿ ಮಾಡಬಹುದಾದ್ದು ಒಣ ಕುಂಚದ ಕೆಲಸ ಮಾತ್ರ.

ಮೂರನೆಯ ಬಗೆ ಮೀನೆಣ್ಣೆಯಲ್ಲಿ ಹದ ಮಾಡಿದ ದಪ್ಪ, ಮೆತ್ತನೆಯ, ಹಳದಿ ಛಾಯೆಯ ಚರ್ಮ. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಅಂತರ್ಯುದ್ಧದ ಕಾಲದ ಕುದುರೆ ಸವಾರರು ಕವಚದ ಬದಲಿಗೋ ಅದರ ಕೆಳಗೋ ತೊಡುತ್ತಿದ್ದ ಬಫ್ ಕೋಟುಗಳು ಇಂಥವು. ಲಿಟಲ್‌ಕೋಟ್ ಎಂಬ ಹಳೆಯ ಬಂಗಲೆಯಲ್ಲಿದ್ದ ಅವುಗಳ ಅಪರೂಪದ ಸಂಗ್ರಹವನ್ನು ಬ್ರಿಟನ್ನಿನ ಆಯುಧ ಸಂಗ್ರಹಾಲಯವಾದ ರಾಯಲ್ ಆರ್ಮರೀಸ್ ಸಂಸ್ಥೆ 1985ರಲ್ಲಿ ಕೊಂಡು ಕಾಪಾಡಿಕೊಂಡಿದೆ. ಐರೋಪ್ಯ ಉಕ್ಕಿನ ಕವಚಗಳ ಒಳಗೂ ತಗಡುಗಳನ್ನು ಒಂದಕ್ಕೊಂದು ಪೋಣಿಸುವ ಚರ್ಮದ ಪಟ್ಟಿಗಳಿರುತ್ತವೆ. ಬಳಕೆಯಲ್ಲಿದ್ದ ಕಾಲದಲ್ಲೇ ಅವನ್ನು ಆಗಾಗ ಬದಲಿಸುತ್ತಿದ್ದರಿಂದ, ಹಳೆಯ ಪಟ್ಟಿಯೊಂದು ಹಾಗೇ ಉಳಿದಿದ್ದರೆ ಅದರ ಬೆಲೆ ಹೆಚ್ಚು. ಹರಿದ ತುಂಡನ್ನೂ ಬಿಸಾಡುವುದಿಲ್ಲ.

ಇನ್ನು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮ. ಕತ್ತರಿಸಿದ ಅಂಚಿನಲ್ಲಿ ನೀಲಿ-ಬೂದು ಛಾಯೆ ಕಂಡರೆ ಅದೇ ಇರಬಹುದು. ಈ ವಿಧಾನವನ್ನು ಮದ್ರಾಸಿನಲ್ಲಿ ಇಪ್ಪತ್ತನೇ ಶತಮಾನದ ಆರಂಭದ ವರ್ಷಗಳಲ್ಲಿ ಬಳಕೆಗೆ ತಂದವರು ಆಲ್‌ಫ್ರೆಡ್ ಚಾಟರ್ಟನ್, ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದವರು. ಹೀಗಾಗಿ ಟಿಪ್ಪುವಿನ ಕಾಲದ್ದು ಎಂದು ಹೇಳುವ ಒರೆಯ ಚರ್ಮ ಕ್ರೋಮಿನದಾಗಿದ್ದರೆ ಚರ್ಮವಂತೂ ಆ ಕಾಲದ್ದಲ್ಲ. ಯಾರೋ ನಂತರ ಹೊದಿಸಿದ್ದು.

ಎಲ್ಲಿ, ಹೇಗೆ ಇಡಬೇಕು

ಚರ್ಮಕ್ಕೆ ಹಿತವಾದ ಹವೆ ಶೇ. 45–55ರಷ್ಟು ಸಾಪೇಕ್ಷ ತೇವಾಂಶದ್ದು. 65 ದಾಟಿದರೆ ಬೂಷ್ಟು ಶುರು. ತೀರಾ ಕಡಿಮೆಯಾದರೆ ಬಿರುಕು. ಉಕ್ಕಿಗಾದರೆ ಎಷ್ಟು ಒಣಗಿದ್ದರೆ ಅಷ್ಟು ಒಳ್ಳೆಯದು. ಮಡಿಕೇರಿಯಲ್ಲೋ ಆಗುಂಬೆಯಲ್ಲೋ ಜುಲೈ ತಿಂಗಳಲ್ಲಿ 90ರ ಹತ್ತಿರ ಓಡಾಡುವ ತೇವಾಂಶದ ನಡುವೆ ಈ ಅಂಕಿಗಳನ್ನು ಹೇಳಿದರೆ ನಗು ಬರುವುದು ಸಹಜ. ಆದರೂ ಮಾಡಬಹುದಾದ್ದು ಕೆಲವಿದೆ. ಆರ್ದ್ರತೆ ತೋರಿಸುವ ಸಣ್ಣ ಡಿಜಿಟಲ್ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಂದನ್ನು ಕಪಾಟಿನಲ್ಲಿಡಿ. ಹೊರಗೋಡೆಗೆ ಒರಗಿದ ಕಪಾಟು ಬೇಡ, ನೆಲಕ್ಕೆ ತಾಗಿದ ಪೆಟ್ಟಿಗೆ ಬೇಡ. ಮಳೆಗಾಲದಲ್ಲಿ ಬಿಗಿಯಾಗಿ ಮುಚ್ಚುವ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡಬಹುದು, ಆದರೆ ಮಾಪಕ ನೋಡುತ್ತಾ. ಅಳತೆಯಿಲ್ಲದೆ ಸುರಿದರೆ ಚರ್ಮವನ್ನು ಅತಿಯಾಗಿ ಒಣಗಿಸಿಬಿಡುತ್ತದೆ. ಅಲಗಿಗೆ ಬೇರೆ ಪೆಟ್ಟಿಗೆ, ಅದರಲ್ಲಿ ಎಷ್ಟು ಬೇಕಾದರೂ ಇಡಿ.

ಒರೆಯನ್ನು ಅದರ ಉಂಗುರದಿಂದ ಮೊಳೆಗೆ ತೂಗುಹಾಕಬಾರದು, ಉದ್ದಕ್ಕೂ ಆಸರೆ ಸಿಗುವಂತೆ ಮಲಗಿಸಬೇಕು. ಗಂಜಿ ಹಾಕದ, ಚೆನ್ನಾಗಿ ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿದರೆ ಸಾಕು. ನ್ಯೂಸ್‌ಪೇಪರಿನಲ್ಲಿ ಆಮ್ಲವಿದೆ, ಪ್ಲಾಸ್ಟಿಕ್ ಕವರು ತೇವವನ್ನು ಒಳಗೇ ಹಿಡಿದಿಡುತ್ತದೆ. ನುಸಿಗುಳಿಗೆಯನ್ನು ಚರ್ಮಕ್ಕಾಗಲಿ ಅರಗಿಗಾಗಲಿ ತಾಗಿಸಿ ಇಡಬೇಡಿ. ಹುಳು ಬಂದಿದೆಯೋ ಎಂದು ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡುವುದು ಗುಳಿಗೆಗಿಂತ ಮೇಲು. ಅಲಗಿಗೆ ಎಣ್ಣೆಯ ಬದಲು ಮೈಕ್ರೊಕ್ರಿಸ್ಟಲೈನ್ ಮೇಣದ ತೆಳು ಲೇಪ ಕೊಟ್ಟರೆ, ಯಾವಾಗಲಾದರೂ ಒರೆಗೆ ಹಾಕಿದಾಗ ಜಿಡ್ಡು ಚರ್ಮಕ್ಕೆ ಇಳಿಯುವುದಿಲ್ಲ.

ಆಯುಧಪೂಜೆಯ ದಿನ, ಕೊಡಗಿನಲ್ಲಾದರೆ ಕೈಲ್‌ಪೊಳ್ದಿನ ದಿನ, ಕತ್ತಿ ಕೋವಿಗಳಿಗೆ ಪೂಜೆ ತಪ್ಪಿಸಿ ಎಂದು ಹೇಳುವ ಧೈರ್ಯ ನನಗಿಲ್ಲ, ಹೇಳಬೇಕಾಗಿಯೂ ಇಲ್ಲ. ಅರಿಸಿನ ಕುಂಕುಮವನ್ನು ಅಲಗಿಗೆ ಇಡಬಹುದು, ಮರುದಿನ ಒರೆಸಿದರೆ ಹೋಗುತ್ತದೆ. ಚರ್ಮಕ್ಕೆ ಇಟ್ಟ ಅರಿಸಿನ ಹೋಗುವುದಿಲ್ಲ. ಒರೆಯನ್ನು ಒಣ ರೇಷ್ಮೆ ಬಟ್ಟೆಯ ಮೇಲಿಟ್ಟು ಕುಂಕುಮವನ್ನು ಆ ಬಟ್ಟೆಗೋ ಕೆಳಗಿನ ಮಣೆಗೋ ಹಚ್ಚಬಹುದು. ನೀರು ಚಿಮುಕಿಸಿದ ಹೂಮಾಲೆ, ಕುಯ್ದ ನಿಂಬೆಹಣ್ಣು ಇವೆರಡನ್ನು ಮಾತ್ರ ಚರ್ಮದಿಂದ ದೂರವಿಡಿ. ನಿಂಬೆ ರಸದ ಆಮ್ಲ, ಈಗಾಗಲೇ ಆಮ್ಲದಿಂದ ಸಾಯುತ್ತಿರುವ ಚರ್ಮಕ್ಕೆ ಬೇಕಿಲ್ಲ.

ಹೊಲಿಗೆ ಬಿಟ್ಟ ಒರೆಯನ್ನು ಫೆವಿಕಾಲ್, ಫೆವಿಕ್ವಿಕ್ ಹಾಕಿ ಮುಚ್ಚುವ ಆಸೆಯನ್ನೂ ತಡೆಯಬೇಕು. ಆ ಅಂಟು ಚರ್ಮಕ್ಕಿಂತ ಗಟ್ಟಿ, ಮುಂದಿನ ಸಲ ಚರ್ಮ ಹರಿಯುವುದು ಅಂಟಿನ ಪಕ್ಕದಲ್ಲೇ. ಸದ್ಯಕ್ಕೆ ಅಗಲವಾದ ಹತ್ತಿ ಪಟ್ಟಿಯನ್ನು ಸಡಿಲವಾಗಿ ಕಟ್ಟಿ, ಉದುರಿದ ಚೂರುಗಳನ್ನು ಎಲ್ಲಿಂದ ಬಿದ್ದದ್ದು ಎಂದು ಬರೆದು ಲಕೋಟೆಯಲ್ಲಿಡಿ. ಸಂರಕ್ಷಕರು ಇಂಥ ಕಡೆ ಜಪಾನಿ ಕಾಗದವನ್ನೋ ತೆಳು ಚರ್ಮವನ್ನೋ ಬಣ್ಣ ಹೊಂದಿಸಿ, ಬೇಕೆಂದಾಗ ಬಿಡಿಸಬಹುದಾದ ಅಂಟಿನಿಂದ ಒಳಗಿನಿಂದ ಆಸರೆ ಕೊಡುತ್ತಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ. ಚರ್ಮದ ಬಗೆ ಗುರುತಿಸುವ ವಿಜ್ಞಾನಕ್ಕೆ ಚೆನ್ನೈನಲ್ಲಿ 1948ರಲ್ಲಿ ಶುರುವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದೆ. ಯಾರ ಕೈಗೆ ಕೊಡುವ ಮುನ್ನವೂ ಎರಡು ಪ್ರಶ್ನೆ ಕೇಳಿ: ಇದಕ್ಕೆ ಏನು ಹಚ್ಚುತ್ತೀರಿ, ಹಚ್ಚಿದ್ದನ್ನು ನಾಳೆ ತೆಗೆಯಲು ಬರುತ್ತದೆಯೇ? ‘ಹೊಸದರ ಹಾಗೆ ಮಾಡಿಕೊಡುತ್ತೇವೆ’ ಎಂಬ ಉತ್ತರ ಬಂದರೆ ಒರೆಯನ್ನು ವಾಪಸು ತನ್ನಿ.